ಚಿತ್ತಾ ನಕ್ಷತ್ರವನ್ನು ಅಳೆದವರು

ಏಪ್ರಿಲ್ ಅಥವಾ ಮೇ ತಿಂಗಳಲ್ಲಿ, ರಾತ್ರಿ ಒಂಬತ್ತರ ಹೊತ್ತಿಗೆ ಆಕಾಶವನ್ನು ನೋಡಿರಿ. ಸಪ್ತರ್ಷಿ ಮಂಡಲದ ಬಾಲದ ಬಾಗನ್ನು ಹಾಗೆಯೇ ಮುಂದುವರಿಸಿದರೆ ಮೊದಲು ಕಿತ್ತಳೆ ಛಾಯೆಯ ಸ್ವಾತಿ, ಇನ್ನಷ್ಟು ದಕ್ಷಿಣಕ್ಕೆ ಸರಿದರೆ ನೀಲಿ ಬಿಳುಪಿನ ಚಿತ್ತಾ ಸಿಗುತ್ತದೆ. ಕನ್ಯಾರಾಶಿಯಲ್ಲಿ ಇದಕ್ಕಿಂತ ಉಜ್ವಲವಾದ ನಕ್ಷತ್ರವಿಲ್ಲ. ಪಾಶ್ಚಾತ್ಯರು ಇದನ್ನು ಸ್ಪೈಕಾ, ಅಂದರೆ ತೆನೆ, ಎನ್ನುತ್ತಾರೆ. ನಮ್ಮ ರೈತರಿಗೆ ಚಿತ್ತಾ ಮಳೆಯೂ ಗೊತ್ತು. ಆದರೆ ಆ ಮಳೆಯ ಕಾಲವಾದ ಅಕ್ಟೋಬರಿನಲ್ಲಿ ನಕ್ಷತ್ರ ಮಾತ್ರ ಕಾಣದು. ಆಗ ಸೂರ್ಯನೇ ಅದರ ಬಳಿ ಇರುತ್ತಾನೆ.

ಕ್ರಿಸ್ತಪೂರ್ವ ಎರಡನೆಯ ಶತಮಾನದಲ್ಲಿ ಗ್ರೀಕ್ ವಿದ್ವಾಂಸ ಹಿಪ್ಪಾರ್ಕಸ್ ಚಿತ್ತೆಯ ಸ್ಥಾನವನ್ನು ಅಳೆದನು. ಅದು ಶರದ್ ವಿಷುವಬಿಂದುವಿಗಿಂತ 6 ಡಿಗ್ರಿ ಹಿಂದಿತ್ತು. ಸುಮಾರು ಒಂದೂವರೆ ಶತಮಾನ ಮೊದಲು ಅಲೆಕ್ಸಾಂಡ್ರಿಯದ ಟಿಮೊಖಾರಿಸ್ ಬರೆದಿಟ್ಟದ್ದು 8 ಡಿಗ್ರಿ. ಹಳಬನ ಲೆಕ್ಕ ತಪ್ಪೆಂದು ತಳ್ಳಿಹಾಕುವುದು ಸುಲಭವಿತ್ತು. ಹಿಪ್ಪಾರ್ಕಸ್ ಹಾಗೆ ಮಾಡಲಿಲ್ಲ. ವಿಷುವಬಿಂದುವೇ ಮೆಲ್ಲಗೆ ಜಾರುತ್ತಿದೆ ಎಂದನು. ಇದೇ ಅಯನಚಲನೆ. ಭೂಮಿಯ ಅಕ್ಷ ಬುಗುರಿಯಂತೆ ಓಲಾಡುವುದರಿಂದ ಆಗುವ ಈ ಜಾರಿಕೆ 72 ವರ್ಷಗಳಿಗೆ ಒಂದು ಡಿಗ್ರಿಯಷ್ಟು.

ಇದು ಬರಿಯ ಗ್ರೀಕರ ಕಥೆಯಲ್ಲ. ಸುಮಾರು 1700 ವರ್ಷಗಳ ಹಿಂದೆ ಸೂರ್ಯನು ಶರದ್ ವಿಷುವದಂದೇ ಚಿತ್ತೆಯ ಬಳಿ ಇರುತ್ತಿದ್ದ. ಈಗ ಅಲ್ಲಿಗೆ ತಲುಪುವುದು ಅಕ್ಟೋಬರ್ ಮಧ್ಯಭಾಗಕ್ಕೆ. 1952ರಲ್ಲಿ ಮೇಘನಾದ ಸಾಹಾ ಅವರ ಅಧ್ಯಕ್ಷತೆಯಲ್ಲಿ ನೇಮಕವಾದ ಪಂಚಾಂಗ ಸುಧಾರಣಾ ಸಮಿತಿಯು ರಾಶಿಚಕ್ರದ ಆರಂಭವನ್ನು ನಿಗದಿ ಮಾಡುವಾಗ ಚಿತ್ತೆಯ ನೇರ ಎದುರಿನ ಬಿಂದುವನ್ನೇ ಆಧಾರವಾಗಿ ಹಿಡಿಯಿತು. ನಿಮ್ಮ ಮನೆಯ ಗೋಡೆಯ ಪಂಚಾಂಗಕ್ಕೂ ಈ ನಕ್ಷತ್ರಕ್ಕೂ ನಂಟು ಅಷ್ಟು ಹತ್ತಿರದ್ದು.

1890ರಲ್ಲಿ ಜರ್ಮನಿಯ ಪಾಟ್ಸ್‌ಡ್ಯಾಮಿನಲ್ಲಿ ಹರ್ಮನ್ ಫೋಗೆಲ್ ಚಿತ್ತೆಯ ಬೆಳಕನ್ನು ಪ್ರಿಸಂ ಮೂಲಕ ಹಾಯಿಸಿ, ಅದರ ರೋಹಿತದ ಛಾಯಾಚಿತ್ರಗಳನ್ನು ಪರೀಕ್ಷಿಸಿದರು. ಕಪ್ಪು ಗೆರೆಗಳು ಒಮ್ಮೆ ಕೆಂಪಿನ ಕಡೆಗೆ, ಮತ್ತೊಮ್ಮೆ ನೇರಳೆಯ ಕಡೆಗೆ ಸರಿಯುತ್ತಿದ್ದವು. ರೈಲು ಹತ್ತಿರ ಬರುವಾಗ ಸಿಳ್ಳಿನ ಸ್ವರ ಏರಿ, ದೂರ ಹೋಗುವಾಗ ಇಳಿಯುವುದಿಲ್ಲವೇ? ಹಾಗೆಯೇ ಇದೂ. ನಕ್ಷತ್ರ ನಮ್ಮತ್ತ ಬಂದು ಹಿಂದೆ ಸರಿಯುತ್ತಿತ್ತು. ನಾಲ್ಕು ದಿನಕ್ಕೊಂದು ಸುತ್ತು. ಅಂದರೆ ಕಣ್ಣಿಗೆ ಬೀಳದ ಜೊತೆಗಾರನೊಂದು ಅಲ್ಲಿದೆ!

ಈ ಜೋಡಿಯನ್ನು ಅಳೆಯಲು ಇನ್ನೂ ಎಂಬತ್ತು ವರ್ಷ ಹಿಡಿಯಿತು. ನೀಲಗಿರಿಯ ಅರವಂಕಾಡಿನಲ್ಲಿ 1916ರಲ್ಲಿ ಹುಟ್ಟಿದ ಹ್ಯಾನ್‌ಬರಿ ಬ್ರೌನ್ ಆಸ್ಟ್ರೇಲಿಯದ ನ್ಯಾರಬ್ರೈಯಲ್ಲಿ ಒಂದು ವಿಚಿತ್ರ ಯಂತ್ರವನ್ನು ನಿಲ್ಲಿಸಿದ್ದರು. ವೃತ್ತಾಕಾರದ ರೈಲುಹಳಿ, ಅದರ ಮೇಲೆ ಓಡಾಡುವ ಎರಡು ಭಾರಿ ಪ್ರತಿಫಲಕಗಳು. ಎರಡರ ಮೇಲೂ ಬೀಳುವ ಬೆಳಕಿನ ಸೂಕ್ಷ್ಮ ಏರಿಳಿತಗಳು ಎಷ್ಟರ ಮಟ್ಟಿಗೆ ತಾಳೆಯಾಗುತ್ತವೆ ಎಂಬುದರಿಂದ ನಕ್ಷತ್ರಗಳ ಕಕ್ಷೆ ನಮಗೆ ಎಷ್ಟು ಕೋನದಲ್ಲಿ ಕಾಣುತ್ತದೆಂದು ತಿಳಿಯಿತು. ಅದೇ ಕಕ್ಷೆ ಎಷ್ಟು ಕಿಲೋಮೀಟರ್ ಅಗಲವೆಂದು ರೋಹಿತದ ವೇಗಗಳು ಹೇಳಿದವು. ಎರಡನ್ನೂ ಸೇರಿಸಿದರೆ ದೂರ ಸಿಕ್ಕಿತು; ಉಳಿದದ್ದು ನೀವು ಶಾಲೆಯಲ್ಲಿ ಕಲಿತ ತ್ರಿಕೋನಮಿತಿ. 1971ರ ಆ ಫಲಿತಾಂಶ ಸುಮಾರು 270 ಜ್ಯೋತಿರ್ವರ್ಷ. ಮುಂದೆ, ಹಿಪ್ಪಾರ್ಕಸನನ್ನು ನೆನಪಿಸುವ ಹೆಸರಿನ ಉಪಗ್ರಹವೊಂದರ ಅಳತೆಗಳಿಂದ ಅದು 250ರ ಆಸುಪಾಸಿಗೆ ಬಂದಿದೆ. ನೀವು ಇಂದು ನೋಡುವ ಬೆಳಕು ಹೆಚ್ಚುಕಡಮೆ ಹೈದರಾಲಿಯ ಕಾಲದಲ್ಲಿ ಹೊರಟದ್ದು.

ದೊಡ್ಡ ನಕ್ಷತ್ರದ ದ್ರವ್ಯರಾಶಿ ಸೂರ್ಯನ ಸುಮಾರು 11 ಪಟ್ಟು, ಚಿಕ್ಕದರದು 7 ಪಟ್ಟು. ಸೂರ್ಯನ ಮೇಲ್ಮೈ ಉಷ್ಣತೆ 5,800 ಕೆಲ್ವಿನ್ ಆದರೆ ಇವುಗಳದು 20,000ಕ್ಕೂ ಮೇಲೆ. ನೀಲಿ ಬಣ್ಣಕ್ಕೆ ಅದೇ ಕಾರಣ. ನಡುವಿನ ಅಂತರ ಸುಮಾರು 2 ಕೋಟಿ ಕಿಲೋಮೀಟರ್. ಸೂರ್ಯನಿಂದ ಬುಧನಿಗಿರುವ ದೂರದ ಮೂರನೆಯ ಒಂದು ಭಾಗ! ಇಷ್ಟು ಸಮೀಪದಲ್ಲಿ ಪರಸ್ಪರ ಸೆಳೆತಕ್ಕೆ ಸಿಕ್ಕು ಎರಡೂ ಮೊಟ್ಟೆಯಂತೆ ಉದ್ದವಾಗಿವೆ.

1960ರ ದಶಕದ ಕೊನೆಯಲ್ಲಿ ದೊಡ್ಡ ನಕ್ಷತ್ರವು ನಾಲ್ಕು ಗಂಟೆಗೊಮ್ಮೆ ಮಿಡಿಯುತ್ತಿದ್ದುದು ಕಂಡುಬಂದಿತ್ತು. ಕೆಲವೇ ವರ್ಷಗಳಲ್ಲಿ ಆ ಮಿಡಿತ ಅಡಗಿಹೋಯಿತು. ಮಿಡಿತ ನಿಂತಿಲ್ಲ, ನಕ್ಷತ್ರದ ಅಕ್ಷವೇ ಓಲಾಡಿ ನಮ್ಮ ನೋಟದ ದಿಕ್ಕು ಬದಲಾಗಿದೆ ಎಂಬುದು ಇದಕ್ಕೆ ಕೊಟ್ಟ ವಿವರಣೆಗಳಲ್ಲೊಂದು. ಚಿತ್ತೆಯನ್ನು ನೋಡಿ ಭೂಮಿಯ ಓಲಾಟವನ್ನು ಕಂಡುಕೊಂಡದ್ದಾಯಿತು. ಈಗ ಚಿತ್ತೆಯ ಓಲಾಟದ ಸರದಿ.