ಒಳ್ಳೆಮೆಣಸು ಅಂದ್ರೆ, ಕೆಟ್ಟ ಮೆಣಸು ಯಾವ್ದು?

ದಿನಾ ನೋಡೋ ವಸ್ತು, ಗೊತ್ತಿಲ್ಲದ ಕತೆ | ಕಂತು 14

ಭಾಗ 1/5: ಎರಡು ಡಬ್ಬಿ

ಫೋಟೋದಲ್ಲಿ ಎರಡು ಸ್ಟೀಲ್ ಡಬ್ಬಿ ಇವೆ ನೋಡಿ. ಒಂದರಲ್ಲಿ ಕಪ್ಪು ಕಾಳು, ಇನ್ನೊಂದರಲ್ಲಿ ಕೆಂಪು ಒಣಕಾಯಿ. ನಿಮ್ಮ ಮನೇಲಿ ಇವೆರಡಕ್ಕೂ ಏನಂತಾರೆ? ಮೊದ್ಲು ಕಾಮೆಂಟ್ ಹಾಕಿ, ಆಮೇಲೆ ಮುಂದೆ ಓದಿ. ಮೋಸ ಮಾಡ್ಬೇಡಿ!

ಹೋದ ತಿಂಗಳು ನನ್ನ ರೂಮ್‌ಮೇಟ್‌ಗೆ ಸಿಕ್ಕಾಪಟ್ಟೆ ಶೀತ ಆಗಿತ್ತು. ಅವಳು ಪುತ್ತೂರು ಕಡೆಯವಳು. ಮೆಸ್‌ಗೆ ಹೋಗಿ, "ಅಣ್ಣ, ಕಷಾಯಕ್ಕೆ ಸ್ವಲ್ಪ ಒಳ್ಳೆಮೆಣಸು ಉಂಟಾ?" ಅಂತ ಕೇಳಿದ್ಲು. ಅಡುಗೆ ಅಣ್ಣ ಮುಖ ಮುಖ ನೋಡಿದ್ರು. ನಮ್ಮ ಟೇಬಲ್ ಪೂರ್ತಿ ನಗು. "ಹಾಗಾದ್ರೆ ಕೆಟ್ಟ ಮೆಣಸು ಯಾವ್ದೇ?" ಅಂತ ಜೋರಾಗಿ ಕೇಳಿದ್ದು ನಾನೇ. ಇನ್ನೊಬ್ಬಳು, "ಇದ್ಯಾವ ಕನ್ನಡಾನೇ, ಸರಿಯಾದ ಕನ್ನಡ ಮಾತಾಡು" ಅಂದ್ಲು. ಅವಳೂ ನಕ್ಕಳು. ವಿಷಯ ಅಲ್ಲಿಗೆ ಮುಗೀತು ಅಂದ್ಕೊಂಡಿದ್ದೆ.

ಮುಗಿದಿರ್ಲಿಲ್ಲ. ಎರಡು ವಾರ ಆದ್ಮೇಲೆ ಗಮನಿಸಿದೆ, ಅವಳು ಮನೆಗೆ ಫೋನ್ ಮಾಡುವಾಗ ಮಾತ್ರ 'ಒಳ್ಳೆಮೆಣಸು' ಅಂತಾಳೆ. ನಮ್ಮ ಮುಂದೆ 'ಪೆಪ್ಪರ್'.

ಒಂದು ಕನ್ನಡ ಪದವನ್ನ ಅವಳ ಬಾಯಿಂದ ಕಿತ್ತು ಇಂಗ್ಲಿಷ್ ಪದ ತುರುಕಿದ್ದು ನಾವು. ಕನ್ನಡ ರಾಜ್ಯೋತ್ಸವಕ್ಕೆ ಸ್ಟೇಟಸ್ ಹಾಕೋ ನಾವೇ! ಅದಕ್ಕೆ ಕೂತು ಓದೋಕೆ ಶುರು ಮಾಡಿದೆ. ನಾವು ನಕ್ಕಿದ್ದ ಆ ಒಂದು ಪದದೊಳಗೆ ಸುಮಾರು 500 ವರ್ಷದ ಕತೆ ಇತ್ತು.

ಭಾಗ 2/5: ಕೆಂಪು ಖಾರ ಬರೋಕೆ ಮುಂಚೆ

ಮೊದಲನೇ ಶಾಕ್: ಮೆಣಸಿನಕಾಯಿ ನಮ್ಮ ದೇಶದ್ದಲ್ಲ. ಮೆಕ್ಸಿಕೋ ಮತ್ತು ದಕ್ಷಿಣ ಅಮೆರಿಕದ ಜನ ಅದನ್ನ ಸಾವಿರಾರು ವರ್ಷಗಳಿಂದ ಬೆಳೀತಿದ್ರು. 'ಚಿಲ್ಲಿ' ಅನ್ನೋ ಪದಾನೂ ಮೆಕ್ಸಿಕೋದ ನಹುವಾತ್ಲ್ ಭಾಷೆಯದ್ದು. ಭಾರತಕ್ಕೆ ಇದು ಬಂದದ್ದು 16ನೇ ಶತಮಾನದಲ್ಲಿ, ಪೋರ್ಚುಗೀಸರ ಹಡಗುಗಳ ಮೂಲಕ.

ಅಂದ್ರೆ 12ನೇ ಶತಮಾನದಲ್ಲಿ 'ಮಾನಸೋಲ್ಲಾಸ' ಬರೆಸಿದ ಕಲ್ಯಾಣ ಚಾಲುಕ್ಯರ ದೊರೆ ಮೂರನೇ ಸೋಮೇಶ್ವರನ ಅಡುಗೆಮನೆಯಲ್ಲಿ ಒಂದೇ ಒಂದು ಮೆಣಸಿನಕಾಯಿ ಇರ್ಲಿಲ್ಲ. ಬಸವಣ್ಣ, ಅಕ್ಕಮಹಾದೇವಿ ಅವರ ಕಾಲದ ಯಾವ ಮನೆಯ ಒಗ್ಗರಣೆಯಲ್ಲೂ ಇರ್ಲಿಲ್ಲ. ಹಾಗಂತ ಅವರ ಊಟ ಸಪ್ಪೆ ಅಂದ್ಕೋಬೇಡಿ. ಖಾರಕ್ಕೆ ಶುಂಠಿ ಇತ್ತು, ಹಿಪ್ಪಲಿ ಇತ್ತು, ಎಲ್ಲಕ್ಕಿಂತ ಮುಖ್ಯವಾಗಿ ಮೆಣಸು ಇತ್ತು. ನಮ್ಮ ಪಶ್ಚಿಮ ಘಟ್ಟದ ಬಳ್ಳಿ, ಕಪ್ಪು ಕಾಳು.

ಈ ಕಾಳಿಗಾಗಿಯೇ ವಾಸ್ಕೋ ಡ ಗಾಮ 1498ರಲ್ಲಿ ಆಫ್ರಿಕಾ ಸುತ್ತಿ ಕಲ್ಲಿಕೋಟೆಗೆ ಬಂದ. 1510ರಲ್ಲಿ ಪೋರ್ಚುಗೀಸರು ಗೋವಾ ಹಿಡಿದ್ರು. ನಮ್ಮ ಉತ್ತರ ಕನ್ನಡದ ಶರಾವತಿ ತೀರದಲ್ಲಿ, ಗೇರುಸೊಪ್ಪೆಯಿಂದ ಆಳಿದ ರಾಣಿ ಚೆನ್ನಭೈರಾದೇವಿ ಗೊತ್ತಲ್ಲ? 1552ರಿಂದ 1606ರವರೆಗೆ, ಹತ್ತಿರಹತ್ತಿರ 54 ವರ್ಷ ಆಳಿದವಳು. ಪೋರ್ಚುಗೀಸರ ಜೊತೆ ವ್ಯಾಪಾರಾನೂ ಮಾಡಿದಳು, ಯುದ್ಧಾನೂ ಮಾಡಿದಳು. ಅವರು ಅವಳಿಗೆ ಇಟ್ಟ ಹೆಸರು 'ಮೆಣಸಿನ ರಾಣಿ'.

ಇಲ್ಲೇ ತಮಾಷೆ ಇರೋದು. ನಮ್ಮ ಮೆಣಸನ್ನ ಹುಡುಕಿಕೊಂಡು ಬಂದವರೇ, ಆ ಮೆಣಸಿನ ಹೆಸರನ್ನ ಕಿತ್ಕೊಳ್ಳೋ ಕಾಯಿಯನ್ನ ತಂದು ಕೊಟ್ರು.

ಭಾಗ 3/5: ಹೊಸಬರಿಗೆ ಹೆಸರಿಡೋ ಮೂರು ದಾರಿ

ಹೊರಗಿಂದ ಬಂದ ವಸ್ತುವಿಗೆ ಕನ್ನಡ ಮೂರು ಥರ ಹೆಸರಿಡುತ್ತೆ.

ಒಂದು, ಅದರ ಹೆಸರನ್ನೇ ಇಟ್ಕೊಳ್ಳೋದು. ಅನಾನಸು, ಬಟಾಟೆ ಹೀಗೆ ಪೋರ್ಚುಗೀಸರ ಬಾಯಿಂದ ಬಂದವು.

ಎರಡು, 'ನೀನು ಹೊರಗಿನವನು' ಅಂತ ಸೀಲ್ ಹೊಡೆಯೋದು. ಪಪ್ಪಾಯಿಗೆ ಪರಂಗಿ ಹಣ್ಣು ಅಂತೀವಿ, ಪರಂಗಿ ಅಂದ್ರೆ ಫಿರಂಗಿಯವರು. ಸೀಮೆಎಣ್ಣೆ, ಸೀಮೆಸುಣ್ಣ, ಸೀಮೆಬದನೆ, ಸೀಮೆ ಹಸು ಎಲ್ಲದರಲ್ಲೂ 'ಸೀಮೆ' ಅಂದ್ರೆ ದೂರದ ಸೀಮೆ.

ಮೂರು, ಇಲ್ಲಿ ಮೊದ್ಲೇ ಇರೋ ಯಾವುದೋ ಒಂದರ ನೆಂಟ ಅಂತ ಮಾಡ್ಕೊಳ್ಳೋದು. ಅಮೆರಿಕದ ಇನ್ನೊಂದು ಬೆಳೆ ನಮ್ಮ ಜೋಳದ ಹಾಗೆ ಕಾಣ್ತು, ಮೈ ಮೇಲೆ ಹೊದಿಕೆ ಇತ್ತು. ಮುಸುಕಿನ ಜೋಳ ಆಯ್ತು. ಕೆಂಪು ಕಾಯಿ ಮೆಣಸಿನ ಹಾಗೆ ನಾಲಿಗೆ ಉರಿಸ್ತು, ಆದ್ರೆ ಅದು ಕಾಳಲ್ಲ, ಕಾಯಿ. ಮೆಣಸಿನ + ಕಾಯಿ. ದಿನಾ ಹೇಳ್ತೀವಿ, ಒಡೆದು ನೋಡಿದ್ವಾ ಯಾವತ್ತಾದ್ರೂ? ತಮಿಳಿನಲ್ಲೂ ಹೀಗೇ: ಮಿಳಗು ಅಂದ್ರೆ ಕಾಳು, ಮಿಳಗಾಯ್ ಅಂದ್ರೆ ಕಾಯಿ.

ಕರಾವಳಿಯಲ್ಲಿ ಇನ್ನೂ ಒಂದು ಹೆಜ್ಜೆ ಮುಂದೆ ಹೋಯ್ತು. ಕೆಂಪು ಕಾಯಿ 'ಮೆಣಸು' ಅನ್ನೋ ಹೆಸರನ್ನೇ ಪೂರ್ತಿ ತಗೊಂಡ್ಬಿಡ್ತು. ಅಲ್ಲಿ ಬರೀ ಮೆಣಸು ಅಂದ್ರೆ ಮೆಣಸಿನಕಾಯಿ. ಹಾಗಾದ್ರೆ ಹಳೇ ಕಪ್ಪು ಕಾಳನ್ನ ಏನಂತ ಕರೀಬೇಕು? ಅದಕ್ಕೆ ಹೊಸ ಹೆಸರು ಬೇಕಾಯ್ತು. ಒಳ್ಳೆಮೆಣಸು. ತುಳುವಿನಲ್ಲಿ ಎಡ್ಡೆ ಮುಂಚಿ, 'ಎಡ್ಡೆ' ಅಂದ್ರೆ ಒಳ್ಳೇದು. ಮಲಯಾಳದಲ್ಲಿ ನಲ್ಲಮುಳಗು, ಅಲ್ಲೂ 'ನಲ್ಲ' ಅಂದ್ರೆ ಒಳ್ಳೇದೇ. ಮೂರು ಭಾಷೆ, ಒಂದೇ ಸಾಕ್ಷಿ.

ಹೊಸಬ ಬಂದು ಹೆಸರು ಕಿತ್ಕೊಂಡ. ಆದ್ರೆ ಮನೆಯ ಹಿರಿಯನಿಗೆ ಜನ 'ಒಳ್ಳೇದು' ಅನ್ನೋ ಗೌರವ ಕೊಟ್ಟು ಉಳಿಸ್ಕೊಂಡ್ರು. 'ಕೆಟ್ಟ ಮೆಣಸು ಯಾವ್ದು' ಅಂತ ನಾನು ಕೇಳಿದ್ದಕ್ಕೆ ಉತ್ತರ ಇದು: ಕೆಟ್ಟದ್ದು ಯಾವ್ದೂ ಇಲ್ಲ, ಆಮೇಲೆ ಬಂದದ್ದು ಒಂದಿದೆ.

ಭಾಗ 4/5: ನಾಲಿಗೆ, ಹಕ್ಕಿ ಮತ್ತು ನೊಬೆಲ್

ಈಗ ವಿಜ್ಞಾನ. ಗಿಡದ ಲೆಕ್ಕದಲ್ಲಿ ಇವೆರಡಕ್ಕೂ ಸಂಬಂಧಾನೇ ಇಲ್ಲ. ಕಾಳುಮೆಣಸು ವೀಳ್ಯದೆಲೆಯ ಬಂಧು. ಮೆಣಸಿನಕಾಯಿ ಬದನೆ, ಟೊಮೆಟೊ, ಆಲೂಗಡ್ಡೆ ಕುಟುಂಬದ್ದು. ಖಾರ ಕೊಡೋ ವಸ್ತುಗಳೂ ಬೇರೆ: ಕಾಳಿನಲ್ಲಿ ಪೈಪರಿನ್, ಕಾಯಿಯಲ್ಲಿ ಕ್ಯಾಪ್ಸೈಸಿನ್.

ಆದ್ರೆ ಎರಡೂ ತಟ್ಟೋದು ನಮ್ಮ ನರದ ಒಂದೇ ಬಾಗಿಲನ್ನ. ಅದು ರುಚಿಯ ಬಾಗಿಲಲ್ಲ, ಬಿಸಿಯ ಬಾಗಿಲು. ಸುಮಾರು 43 ಡಿಗ್ರಿ ಸೆಲ್ಸಿಯಸ್‌ಗಿಂತ ಜಾಸ್ತಿ ಬಿಸಿ ತಾಗಿದ್ರೆ 'ಸುಡ್ತಾ ಇದೆ' ಅಂತ ಮೆದುಳಿಗೆ ಸುದ್ದಿ ಕಳಿಸೋದು ಅದೇ. ಅಂದ್ರೆ ಖಾರ ಒಂದು ರುಚಿ ಅಲ್ಲ, ಸುಳ್ಳು ಉರಿ. ಕ್ಯಾಪ್ಸೈಸಿನ್ ಬಳಸಿ ಆ ಬಾಗಿಲನ್ನ ಕಂಡುಹಿಡಿದ ಡೇವಿಡ್ ಜೂಲಿಯಸ್‌ಗೆ 2021ರ ವೈದ್ಯಕೀಯ ನೊಬೆಲ್‌ನಲ್ಲಿ ಪಾಲು ಸಿಕ್ತು. ನಮ್ಮ ಹಿರಿಯರು ಯಾವ ಲ್ಯಾಬೂ ಇಲ್ಲದೆ, ಬರೀ ನಾಲಿಗೆ ನಂಬಿ ಎರಡಕ್ಕೂ ಒಂದೇ ಹೆಸರು ಕೊಟ್ಟಿದ್ರು.

ಹಕ್ಕಿಗಳಿಗೆ ಕ್ಯಾಪ್ಸೈಸಿನ್ ಖಾರ ಅನ್ಸೋದೇ ಇಲ್ಲ. ಗಿಣಿ ಮೆಣಸಿನಕಾಯಿಯನ್ನ ಚಾಕ್ಲೇಟ್ ಥರ ತಿನ್ನೋದು ಇದಕ್ಕೇ. ಇಲಿಯಂಥ ಪ್ರಾಣಿಗಳು ಬೀಜ ಅಗಿದು ಹಾಳು ಮಾಡ್ತವೆ, ಹಕ್ಕಿಗಳು ನುಂಗಿ ದೂರ ಹೋಗಿ ಹಿಕ್ಕೆ ಹಾಕ್ತವೆ. ಗಿಡಕ್ಕೆ ಬೇಕಾಗಿರೋದು ಅದೇ. ಮಲೆನಾಡಿನ ಹಿತ್ತಲಲ್ಲಿ ಯಾರೂ ನೆಡದೆ ಎದ್ದು ನಿಂತಿರೋ ಸೂಜಿಮೆಣಸಿನ ಗಿಡ ನೋಡಿದ್ರೆ, ಯಾವುದೋ ಹಕ್ಕಿಯ ಕೆಲಸ ಅಂದ್ಕೊಳ್ಳಿ.

ಕೆಂಪು ಕಾಯಿ ಗೆದ್ದದ್ದು ಹೇಗೆ? ಕಾಳುಮೆಣಸಿಗೆ ಮಳೆ ಬೇಕು, ನೆರಳು ಬೇಕು, ಹಬ್ಬೋಕೆ ಮರ ಬೇಕು, ಫಸಲಿಗೆ ಮೂರ್ನಾಲ್ಕು ವರ್ಷ ಕಾಯ್ಬೇಕು. ಮೇಲಾಗಿ ಅದು ಹಡಗು ಹತ್ತೋ ದುಬಾರಿ ಮಾಲು. ಮೆಣಸಿನಕಾಯಿ ಬಯಲುಸೀಮೆಯ ಹೊಲದಲ್ಲೂ ಬರುತ್ತೆ, ಒಡೆದ ಕುಂಡದಲ್ಲೂ ಬರುತ್ತೆ, ಕೆಲವೇ ತಿಂಗಳಲ್ಲಿ ಕೈಗೆ ಸಿಗುತ್ತೆ. ಕಾಳು ಕೊಳ್ಳೋಕೆ ಆಗದವರ ರೊಟ್ಟಿ ಜೊತೆಗೂ ಖಾರ ಬಂತು.

ಭಾಗ 5/5: ಹಳೇ ಅಡುಗೆ, ಹಳೇ ಪದ

ಹಳೇ ಖಾರ ಪೂರ್ತಿ ಹೋಗಿಲ್ಲ. ಎಷ್ಟೋ ಮನೆಗಳಲ್ಲಿ ಶ್ರಾದ್ಧದ ಅಡುಗೆಗೆ ಇವತ್ತಿಗೂ ಮೆಣಸಿನಕಾಯಿ ಹಾಕಲ್ಲ, ಕಾಳುಮೆಣಸೇ. ಟೊಮೆಟೊ, ಆಲೂಗಡ್ಡೆನೂ ಒಳಗೆ ಬರಲ್ಲ. ಯಾಕೆ ಅಂತ ಕೇಳಿದ್ರೆ ಅಜ್ಜಿ "ಹಿರಿಯರಿಗೆ ಆಗಲ್ಲ" ಅಂತಾರೆ. ಯೋಚಿಸಿ: ಆ ಹಿರಿಯರ ಹಿರಿಯರು ಅವನ್ನ ನೋಡೇ ಇರ್ಲಿಲ್ಲ! ಬಾಣಂತಿಗೆ, ಶೀತ ಆದವರಿಗೆ ಮೆಣಸಿನ ಸಾರು ಮಾಡೋದೂ ಅದೇ ಹಳೇ ಅಡುಗೆಯ ಉಳಿಕೆ.

ಇನ್ನೊಂದು ಕಡೆ, ಮೆಕ್ಸಿಕೋ ಕಡೆಯ ಕಾಯಿ ನಮ್ಮ ಹಾವೇರಿ ಜಿಲ್ಲೆಯ ಊರಿನ ಹೆಸರು ಹೊತ್ತು, 2011ರಲ್ಲಿ 'ಬ್ಯಾಡಗಿ ಮೆಣಸಿನಕಾಯಿ' ಅಂತ ಭೌಗೋಳಿಕ ಸೂಚಿ ಮಾನ್ಯತೆ ಪಡೀತು. ಖಾರ ಕಮ್ಮಿ, ಬಣ್ಣ ಭರ್ತಿ. ಅದರಿಂದ ತೆಗೆಯೋ ಕೆಂಪು ಬಣ್ಣ ಲಿಪ್‌ಸ್ಟಿಕ್‌ಗೂ ಹೋಗುತ್ತೆ. ಇವತ್ತು ಯಾರಾದ್ರೂ ಬ್ಯಾಡಗಿಗೆ ಹೋಗಿ "ಇದು ನಿಮ್ದಲ್ಲ" ಅಂದ್ರೆ ಸುಮ್ನೆ ಬಿಡ್ತಾರಾ?

ಕೊನೇದು. ನನ್ನ ರೂಮ್‌ಮೇಟ್ ನಾಚಿಕೆಯಿಂದ ಹಿಡಿದ 'ಪೆಪ್ಪರ್' ಅನ್ನೋ ಪದದ ಮೂಲ ಗೊತ್ತಾ? ಅದು ಲ್ಯಾಟಿನ್, ಗ್ರೀಕ್ ದಾಟಿ ಹಿಂದೆ ಹೋದ್ರೆ ನಮ್ಮದೇ ನೆಲದ 'ಪಿಪ್ಪಲಿ'. ನಮ್ಮ ಅಜ್ಜಿಯ ಕಷಾಯದ ಹಿಪ್ಪಲಿ! ಇಂಗ್ಲಿಷಿನವರೂ ಚಿಲ್ಲಿಗೆ 'ಪೆಪ್ಪರ್' ಅಂತ ಸೇರಿಸ್ತಾರೆ. ಅವರೂ ನಮ್ಮ ಥರಾನೇ ಹೊಸ ಕಾಯಿಗೆ ಹಳೇ ಕಾಳಿನ ಹೆಸರು ಅಂಟಿಸಿದವರು.

ಪಾಠಪುಸ್ತಕದಲ್ಲಿ ವಾಸ್ಕೋ ಡ ಗಾಮ ಬಂದ ವರ್ಷ ಇದೆ. ಅವನ ನಂತರ ನಮ್ಮ ಅಡುಗೆಮನೆಯಲ್ಲಿ ಏನಾಯ್ತು ಅನ್ನೋದು ಪುತ್ತೂರಿನ ಒಂದು ಮನೆಯ ಮಾತಿನಲ್ಲಿತ್ತು. ಅದನ್ನ ನಾವು ತಪ್ಪು ಕನ್ನಡ ಅಂದ್ವಿ.

ನಿನ್ನೆ ರಾತ್ರಿ ಇದನ್ನೆಲ್ಲ ಅವಳಿಗೆ ಓದಿ ಹೇಳಿ, ಸಾರಿ ಕಣೇ ಅಂದೆ. ಅವಳು, "ಆಯ್ತು ಮಾರಾಯ್ತಿ, ಆ ಒಳ್ಳೆಮೆಣಸಿನ ಡಬ್ಬಿ ಇಲ್ಲಿ ಕೊಡು" ಅಂದ್ಲು. ನಮ್ಮ ರೂಮಿನ ಡಬ್ಬಿ ಮೇಲೆ ಈಗ ಅದೇ ಹೆಸರು ಬರೆದಿದೆ. ಕೊನೇ ಫೋಟೋ ನೋಡಿ.

ಈಗ ನಿಮ್ಮ ಸರದಿ. ಬೇರೆ ಊರಿನವರು ಕೇಳಿ ನಕ್ಕ ನಿಮ್ಮ ಮನೆಯ ಒಂದು ಪದ ಕಾಮೆಂಟ್‌ನಲ್ಲಿ ಬರೀರಿ. ಮುಂದಿನ ಕಂತಿಗೆ ಅದರಲ್ಲೇ ಒಂದನ್ನ ಹಿಡಿದು ಹುಡುಕ್ತೀನಿ. ಇಲ್ಲಿ ಯಾರೂ ನಗಲ್ಲ, ಗ್ಯಾರಂಟಿ.

#ದಿನಬಳಕೆಯಇತಿಹಾಸ #ಒಳ್ಳೆಮೆಣಸು #ನಮ್ಮೂರಪದ