ವಿಮಾ ಕಚೇರಿಯ ಗುಮಾಸ್ತ

‘ವಿಮೆ’ ಎಂಬ ಮಾತು ಮೂಲದಲ್ಲಿ ನಮ್ಮದಲ್ಲ. ಪಾರಸಿಯಲ್ಲಿ ‘ಬೀಮ್’ ಎಂದರೆ ಭಯ. ಅದರಿಂದ ‘ಬೀಮಾ’ ಆಯಿತು. ಅದು ಹಿಂದೂಸ್ಥಾನಿ ಮರಾಠಿಗಳನ್ನು ಹಾದುಬಂದು ಕನ್ನಡದಲ್ಲಿ ‘ವಿಮೆ’ಯಾಗಿ ನೆಲಸಿತು. ಹುಟ್ಟಿದ್ದು ಭಯದಲ್ಲಾದರೂ, ಈ ಮಾತನ್ನು ದಿನವೆಲ್ಲ ಆಡುವ ಕಚೇರಿಯಷ್ಟು ಶಾಂತವಾದ, ಕೊಂಚ ಬೇಸರವನ್ನೂ ಬರಿಸುವ ಸ್ಥಳ ಮತ್ತೊಂದು ಸಿಕ್ಕುವುದು ಕಷ್ಟ. ಟಪಾಲು ಬರುತ್ತದೆ, ಟಪಾಲಿನ ಪುಸ್ತಕದಲ್ಲಿ ಏರುತ್ತದೆ, ಕಂತಿನ ಹಣ ಖಾತೆಗೆ ಜಮೆಯಾಗುತ್ತದೆ, ಜಮೆಯಾಗದಿದ್ದವರಿಗೆ ಜ್ಞಾಪನ ಪತ್ರ ಹೋಗುತ್ತದೆ. ಯುದ್ಧಗಳನ್ನೂ ಸಂಧಿಗಳನ್ನೂ ಬರೆಯುವ ಚರಿತ್ರಕಾರರು ಈ ಮೇಜುಗಳ ಕಡೆಗೆ ಕಣ್ಣು ಹಾಯಿಸಿರುವುದು ಕಡಮೆ. ಆದರೆ ಒಬ್ಬ ಮನುಷ್ಯನ ಪ್ರಾಣಕ್ಕೆ ಇಂತಿಷ್ಟು ಬೆಲೆಯೆಂದು ಕಟ್ಟಿದವರು ಈ ಮೇಜುಗಳ ಹಿಂದೆ ಕುಳಿತವರೇ. ಆ ಬೆಲೆಯನ್ನು ಅವರು ನ್ಯಾಯವಾಗಿ ಕಟ್ಟಿದರೆ ಎಂಬುದನ್ನು ಈ ಸಂಜೆ ಸ್ವಲ್ಪ ವಿಚಾರಿಸೋಣ.

ಹದಿನೆಂಟನೆಯ ಶತಮಾನದ ಲಂಡನ್ನಿನಲ್ಲಿ ಜೀವವಿಮೆಗೂ ಜೂಜಿಗೂ ಅಂತರ ಬಹಳವಿರಲಿಲ್ಲ. ತನಗೆ ಸಂಬಂಧವೇ ಇಲ್ಲದ ದೊಡ್ಡ ಮನುಷ್ಯರ ಪ್ರಾಣದ ಮೇಲೆ ಪಣ ಒಡ್ಡಿ, ಅವರು ಇಂಥ ದಿನದೊಳಗೆ ಸತ್ತರೆ ತನಗೆ ಇಷ್ಟು ಹಣವೆಂದು ಕರಾರು ಮಾಡಿಕೊಳ್ಳುವವರಿದ್ದರು. ಕಾಯಿಲೆ ಬಿದ್ದವನೊಬ್ಬ ತನ್ನ ಪ್ರಾಣದ ಮೇಲೆ ಪಣದ ದರ ಏರಿತೆಂಬ ಸುದ್ದಿಯನ್ನು ಹಾಸಿಗೆಯಲ್ಲೇ ಕೇಳಿದರೆ ಅವನ ಸ್ಥಿತಿ ಏನಾಗಬೇಕು! 1774ರಲ್ಲಿ ಪಾರ್ಲಿಮೆಂಟು ಇದನ್ನು ನಿಲ್ಲಿಸಿತು; ಯಾರ ಜೀವದಲ್ಲಿ ನಮಗೆ ನಿಜವಾದ ಹಿತಸಂಬಂಧವಿದೆಯೋ ಅವರ ಮೇಲೆ ಮಾತ್ರ ವಿಮೆ ಎಂಬ ನಿಯಮ ಅಂದು ಬಂದಿತು.

ಅದಕ್ಕೂ ಮೊದಲೇ, 1706ರಲ್ಲಿ, ಅಮಿಕಬಲ್ ಎಂಬ ಸಂಘವು ಲಂಡನ್ನಿನಲ್ಲಿ ಸ್ಥಾಪಿತವಾಗಿತ್ತು. ಅಲ್ಲಿ ಎಳೆಯನಿಗೂ ನಡುವಯಸ್ಸಿನವನಿಗೂ ಒಂದೇ ಚಂದಾ; ನಲವತ್ತೈದು ದಾಟಿದವನಿಗೆ ಪ್ರವೇಶವೇ ಇಲ್ಲ. ಜೇಮ್ಸ್ ಡಾಡ್ಸನ್ ಎಂಬ ಗಣಿತದ ಉಪಾಧ್ಯಾಯರು ಹೀಗೆ ವಯಸ್ಸಿನ ಕಾರಣದಿಂದ ಹೊರಗುಳಿದವರು. ಮನಸ್ಸಿನಲ್ಲಿ ಮುನಿದು ಮನೆಗೆ ಹೋಗುವ ಬದಲು ಅವರು ಲೆಕ್ಕ ಹಾಕಲು ಕುಳಿತರು. ಧೂಮಕೇತುವಿನ ಹ್ಯಾಲಿ 1693ರಲ್ಲಿಯೇ ಬ್ರೆಸ್ಲೌ ನಗರದ ಜನನ ಮರಣಗಳನ್ನು ಹಿಡಿದು ಒಂದು ಕೋಷ್ಟಕವನ್ನು ಕಟ್ಟಿದ್ದನಷ್ಟೆ. ಅಂಥ ಕೋಷ್ಟಕದ ಆಧಾರದಿಂದ, ಸೇರುವಾಗಿನ ವಯಸ್ಸಿಗೆ ತಕ್ಕ ಕಂತನ್ನು ಗೊತ್ತುಮಾಡಿದರೆ ಯಾರನ್ನೂ ಬಾಗಿಲಲ್ಲಿ ತಡೆಯಬೇಕಾಗಿಲ್ಲವೆಂದು ಡಾಡ್ಸನ್ ತೋರಿಸಿದರು. ತಮ್ಮ ಯೋಜನೆ ಕೈಗೂಡಿದುದನ್ನು ನೋಡಲು ಅವರು ಬದುಕಿರಲಿಲ್ಲ, 1757ರಲ್ಲಿ ತೀರಿಕೊಂಡರು. ಐದು ವರ್ಷಗಳ ಮೇಲೆ, 1762ರಲ್ಲಿ, ಈಕ್ವಿಟಬಲ್ ಸಂಘ ಹುಟ್ಟಿತು. ‘ಆಕ್ಚುಅರಿ’ ಎಂಬ ಅಧಿಕಾರದ ಹೆಸರು ವಿಮೆಯ ಲೋಕಕ್ಕೆ ಬಂದುದು ಅಲ್ಲಿಂದಲೇ. ಆ ಸ್ಥಾನದಲ್ಲಿ ವಿಲಿಯಂ ಮಾರ್ಗನ್ 1775ರಿಂದ 1830ರ ವರೆಗೆ, ಐವತ್ತೈದು ವರ್ಷ, ಕುಳಿತಿದ್ದರು. ಒಂದೇ ಮೇಜಿಗೆ ಅಷ್ಟು ಕಾಲ ಅಂಟಿಕೊಂಡವರು ನಮ್ಮ ಕಾಲೇಜುಗಳಲ್ಲಿಯೂ ವಿರಳ.

ವೈದ್ಯರ ಪರೀಕ್ಷೆ ರೂಢಿಗೆ ಬರುವ ಮುನ್ನ, ವಿಮೆ ಬೇಡುವವನು ನಿರ್ದೇಶಕರ ಮುಂದೆ ತಾನೇ ಹಾಜರಾಗಬೇಕಾಗಿತ್ತು. ಅವರು ಅವನ ಮುಖವನ್ನು ನೋಡುವರು, ಕೆಮ್ಮುತ್ತಾನೆಯೆ ಎಂದು ಕಿವಿಗೊಡುವರು. ಬರಲಾರದವನಿಂದ ದಂಡವಾಗಿ ಹೆಚ್ಚಿನ ಹಣವನ್ನು ಪಡೆಯುವ ಪದ್ಧತಿಯೂ ಹಲವು ಕಚೇರಿಗಳಲ್ಲಿತ್ತು. ಹೆಣ್ಣು ನೋಡುವ ಶಾಸ್ತ್ರಕ್ಕೂ ಇದಕ್ಕೂ ಹೋಲಿಕೆ ಕಂಡರೆ ಅದು ನಮ್ಮ ತಪ್ಪಲ್ಲ.

ಇದೆಲ್ಲ ಹಣವಂತರ ಮಾತಾಯಿತು. ಕೂಲಿಕಾರನ ಮನೆಯ ಬಾಗಿಲಿಗೆ ವಿಮೆಯನ್ನು ಒಯ್ದದ್ದು 1848ರಲ್ಲಿ ಹುಟ್ಟಿದ ಪ್ರುಡೆನ್ಷಿಯಲ್ ಮೊದಲಾದ ಕಂಪೆನಿಗಳು. 1854ರಿಂದ ಅದರ ಏಜೆಂಟರು ವಾರವಾರವೂ ಓಣಿಗಳಲ್ಲಿ ತಿರುಗಿ ಒಂದೊಂದು ಪೆನ್ನಿಯಾಗಿ ಕಂತನ್ನು ಎತ್ತುತ್ತಿದ್ದರು. ಬಡವನಿಗೆ ಅದರಿಂದ ದೊರೆಯುತ್ತಿದ್ದುದು ಬಹುಮಟ್ಟಿಗೆ ಅನಾಥ ಹೆಣದಂತೆ ಹೂಳಿಸಿಕೊಳ್ಳದಿರುವ ಭರವಸೆ, ಅಷ್ಟೆ. ಅದಕ್ಕಾಗಿಯೇ ಅವನು ಊಟದಲ್ಲಿ ಉಳಿಸಿ ಕೊಡುತ್ತಿದ್ದನು. ಒಂದು ಪೆನ್ನಿಯಾದರೂ ಒಂದು ಪೌಂಡಾದರೂ ಖಾತೆಯಲ್ಲಿ ಬರೆಯುವ ಸಾಲು ಒಂದೇ ಉದ್ದ. ಆದುದರಿಂದ ಈ ಸಣ್ಣ ಹಣದ ರಾಶಿಯು ಗುಮಾಸ್ತರ ದೊಡ್ಡ ಸೈನ್ಯವನ್ನೇ ಬೇಡಿತು. ಆಲ್‌ಫ್ರೆಡ್ ವಾಟರ್‌ಹೌಸ್ ಎಂಬ ಶಿಲ್ಪಿಯು ಹೋಬರ್ನಿನಲ್ಲಿ ಆ ಕಂಪೆನಿಗಾಗಿ ಕೆಂಪು ಬಣ್ಣದ ಭಾರಿ ಸೌಧವನ್ನು ಕಟ್ಟಿದನು. ಅದರ ಮೊದಲ ಭಾಗ 1879ಕ್ಕೆ ಸಿದ್ಧವಾಯಿತು.

1870ರ ದಶಕದ ಆರಂಭದಲ್ಲಿ ಪ್ರುಡೆನ್ಷಿಯಲ್ ಕಂಪೆನಿಯು ಹೆಂಗಸರನ್ನು ಗುಮಾಸ್ತೆಯರಾಗಿ ತೆಗೆದುಕೊಂಡಿತು. ಇವರು ಪಾದ್ರಿಗಳ, ವೈದ್ಯರ, ವಕೀಲರ ಮನೆಗಳ ಮಕ್ಕಳು. ಅವರಿಗೆ ಬೇರೆ ಬಾಗಿಲು, ಬೇರೆ ಕೊಠಡಿ. ಗಂಡಸರೊಡನೆ ದಾರಿಯಲ್ಲಿ ಕೂಡ ಸಂಧಿಸದಂತೆ ಬೇರೆ ಹೊತ್ತು. ಮಧ್ಯಾಹ್ನದ ಬಿಡುವಿನಲ್ಲಿ ಗಾಳಿ ಸೇವಿಸಲು ಕಟ್ಟಡದ ಮೇಲಿನ ಮಾಳಿಗೆ. ಇಷ್ಟೆಲ್ಲ ಗೌರವ ತೋರಿದ ಕಂಪೆನಿಯು ಸಂಬಳದಲ್ಲಿ ಮಾತ್ರ ಗಂಡಸಿಗಿಂತ ಕಡಮೆಯನ್ನೇ ಕೊಡುತ್ತಿತ್ತು. ಅವರನ್ನು ತೆಗೆದುಕೊಂಡುದಕ್ಕೆ ಮುಖ್ಯ ಕಾರಣವೂ ಅದೇ ಎಂದು ಹೇಳಲು ನಮಗೆ ಸಂಕೋಚವಿಲ್ಲ. ಆದರೂ ವಿದ್ಯಾವಂತ ಹೆಣ್ಣುಮಗಳಿಗೆ ಪಾಠ ಹೇಳುವುದಲ್ಲದೆ ಬೇರೊಂದು ಮರ್ಯಾದೆಯ ಜೀವನೋಪಾಯ ಉಂಟೆಂಬುದು ಆ ಮಾಳಿಗೆಯ ಮೇಲೆ ಸಿದ್ಧವಾಯಿತು.

ಈಗ ನಮ್ಮ ದೇಶಕ್ಕೆ ಬರೋಣ. 1818ರಲ್ಲಿ ಕಲಕತ್ತೆಯಲ್ಲಿ ಓರಿಯಂಟಲ್ ಎಂಬ ಹೆಸರಿನ ಮೊದಲ ಜೀವವಿಮಾ ಕಂಪೆನಿಯನ್ನು ಐರೋಪ್ಯರು ತೆರೆದರು. ಅದು ತೆರೆದದ್ದು ಐರೋಪ್ಯರಿಗಾಗಿ, 1834ರಲ್ಲಿ ಮುರಿದುಬಿತ್ತು. ತರುವಾಯ ಬಂದ ಕಂಪೆನಿಗಳೂ ಹಿಂದೂದೇಶದವರ ಪ್ರಾಣವನ್ನು ವಿಮೆಗೆ ಅರ್ಹವೆಂದು ಬಹುಕಾಲ ತಿಳಿಯಲಿಲ್ಲ. ಕಲಕತ್ತೆಯ ಮೋತಿಲಾಲ್ ಸೀಲ್ ಮುಂತಾದವರ ಪ್ರಯತ್ನದಿಂದ ಕೆಲವರು ಒಪ್ಪಿದರಾದರೂ, ಕೆಳದರ್ಜೆಯ ಜೀವವೆಂದು ಎಣಿಸಿ ಹೆಚ್ಚಿನ ಕಂತನ್ನು ಹೇರಿದರು. ಇದಕ್ಕೆ ಅವರು ಹೇಳಿದ ಕಾರಣ ಕೇವಲ ಸುಳ್ಳಲ್ಲ. ನಮ್ಮಲ್ಲಿ ಜನನ ಮರಣಗಳ ನಂಬತಕ್ಕ ದಾಖಲೆ ಇರಲಿಲ್ಲ, ದಾಖಲೆಯಿಲ್ಲದೆ ಕೋಷ್ಟಕವಿಲ್ಲ. ಆದರೆ ಕೋಷ್ಟಕವಿಲ್ಲದೆಡೆಯಲ್ಲಿ ಸಂಶಯದ ಭಾರವನ್ನೆಲ್ಲ ಒಂದು ಜನದ ತಲೆಯ ಮೇಲೆಯೇ ಹೊರಿಸಿದ್ದು ಲೆಕ್ಕದ ಕೆಲಸವಲ್ಲ. ಭಾರತದಲ್ಲಿದ್ದ ಇಂಗ್ಲಿಷ್ ಸಿಪಾಯಿಗಳಲ್ಲಿ ವರ್ಷಕ್ಕೆ ಸಾವಿರಕ್ಕೆ 69 ಮಂದಿಯಂತೆ ಸಾಯುತ್ತಿದ್ದರೆಂದು 1863ರಲ್ಲಿ ರಾಜನಿಯುಕ್ತ ಆಯೋಗವೇ ಲೆಕ್ಕ ಕೊಟ್ಟಿತು. ಹೀಗಿರಲು ಯಾರ ಜೀವ ದುರ್ಬಲ?

1870ರ ಸುಮಾರಿಗೆ ಮುಂಬಯಿಯಲ್ಲಿ ಹುಟ್ಟಿದ ಬಾಂಬೆ ಮ್ಯೂಚುಅಲ್ ಸಂಘವು ಭಾರತೀಯರನ್ನು ಸಾಧಾರಣ ದರದಲ್ಲಿಯೇ ಸೇರಿಸಿಕೊಂಡಿತು. 1874ರಲ್ಲಿ ಅದೇ ನಗರದಲ್ಲಿ ಬಂದ ಇನ್ನೊಂದು ಓರಿಯಂಟಲ್ ಕಂಪೆನಿಯು ದೇಶವ್ಯಾಪಿಯಾಗಿ ಬೆಳೆಯಿತು. ಸ್ವದೇಶಿ ಚಳವಳಿಯ ಕಾಲದಲ್ಲಿ, 1906 ಮತ್ತು 1907ರಲ್ಲಿ, ಕಲಕತ್ತೆ ಮದರಾಸುಗಳಲ್ಲಿ ಹೊಸ ಕಂಪೆನಿಗಳು ಸಾಲಾಗಿ ತಲೆಯೆತ್ತಿದವು. ಅವುಗಳ ವಿವರಕ್ಕೆ ನಾವು ಹೋಗುವುದಿಲ್ಲ.

ನಮ್ಮ ಮೈಸೂರಿನ ಮಾತನ್ನು ಮಾತ್ರ ಬಿಡಲಾಗದು. 1891ರಲ್ಲಿ, ಶೇಷಾದ್ರಿ ಅಯ್ಯರ್ ಅವರು ದಿವಾನರಾಗಿದ್ದಾಗ, ಸಂಸ್ಥಾನದ ಸರ್ಕಾರಿ ನೌಕರರಿಗಾಗಿ ಜೀವವಿಮೆಯ ಯೋಜನೆ ಜಾರಿಗೆ ಬಂದಿತು. ಸಂಬಳದ ದಿನ ಕಂತನ್ನು ಮುರಿದುಕೊಂಡರೆ ಮರೆಯುವ ಮಾತಿಲ್ಲ, ಏಜೆಂಟನ ಖರ್ಚಿಲ್ಲ. ತಾಲ್ಲೂಕು ಕಚೇರಿಯ ಗುಮಾಸ್ತನಿಗೂ ತನ್ನ ಹಿಂದೆ ಹೆಂಡತಿ ಮಕ್ಕಳು ನೆಂಟರ ಜಗಲಿ ಕಾಯಬೇಕಿಲ್ಲವೆಂಬ ಧೈರ್ಯ. ಅದರ ಸಂತಾನವಾದ ವಿಮಾ ಇಲಾಖೆಯು ಇಂದಿಗೂ ಕರ್ನಾಟಕದಲ್ಲಿದೆ.

ಈ ಸಂದರ್ಭದಲ್ಲಿ ವಯಸ್ಸಿನ ರುಜುವಾತಿನ ವಿಷಯ ಹೇಳಬೇಕು. ಡಾಡ್ಸನ್ನರ ಲೆಕ್ಕವೆಲ್ಲ ನಿಂತಿರುವುದು ವಯಸ್ಸಿನ ಮೇಲೆ. ನಮ್ಮವರಿಗೋ ಇಂಗ್ಲಿಷ್ ತಾರೀಖೇ ಗೊತ್ತಿಲ್ಲ. ‘ದೊಡ್ಡ ಬರದ ಹಿಂದಿನ ವರ್ಷ’ ಎಂದರೆ ಕೋಷ್ಟಕ ಒಪ್ಪುವುದಿಲ್ಲ. ಆಗ ನೆರವಿಗೆ ಬಂದದ್ದು ಜಾತಕ. ಹುಟ್ಟಿದಾಗಲೇ ಬರೆದ ಜಾತಕವನ್ನು ವಿಮಾ ಕಚೇರಿಗಳು ಪುರಾವೆಯಾಗಿ ಒಪ್ಪಿದವು. ಖರ ಸಂವತ್ಸರದ ಶ್ರಾವಣ ಮಾಸವೆಂದು ಅದರಲ್ಲಿದ್ದರೆ ಅದು 1891 ಎಂದು ಗುಮಾಸ್ತನು ಪಂಚಾಂಗ ನೋಡಿ ತಿಳಿಯಬೇಕು. ಸಂವತ್ಸರ ಅರವತ್ತು ವರ್ಷಕ್ಕೊಮ್ಮೆ ಮರಳುವುದಾದರೂ, ಅದರ ಮುಂದಿನ ಖರ 1951; ಎದುರಿಗೆ ನಿಂತವನ ಮುಖ ನೋಡಿದವರು ಅರವತ್ತು ವರ್ಷ ತಪ್ಪುವ ಭಯವಿಲ್ಲ. ಗ್ರಹಗತಿಯಿಂದ ಆಯುಸ್ಸನ್ನು ಹೇಳಲು ಬರೆದ ಓಲೆ, ಸರಾಸರಿಯಿಂದ ಆಯುಸ್ಸನ್ನು ಹೇಳುವ ಶಾಸ್ತ್ರಕ್ಕೆ ಸಾಕ್ಷಿ ನುಡಿದುದು ಒಂದು ವಿನೋದವೇ ಸರಿ.

ಏಜೆಂಟರನ್ನು ಕುರಿತು ನಗೆಹನಿಗಳಿಗೆ ಬಡತನವಿಲ್ಲ. ಅವರು ಬರುವುದನ್ನು ಕಂಡು ಹಿತ್ತಿಲ ಬಾಗಿಲಿನಿಂದ ಹೋದವರು ನಮ್ಮ ಕೇಳುಗರಲ್ಲಿಯೂ ಇದ್ದಾರು. ಆದರೆ ಅವರ ಪಾಡು ನಗುವಂಥದಲ್ಲ. ಮೊದಲ ವರ್ಷದ ಕಂತಿನ ಮೇಲೆ ಕಮಿಷನ್ ಹೆಚ್ಚು, ಆಮೇಲೆ ಅಲ್ಪ. ಆದುದರಿಂದ ಹೊಸ ಮನೆಗಳನ್ನು ಹುಡುಕುತ್ತಲೇ ಇರಬೇಕು. ಪೈಪೋಟಿಯಲ್ಲಿ ಅನೇಕರು ತಮ್ಮ ಕಮಿಷನ್ನಿನ ಪಾಲನ್ನು ಗಿರಾಕಿಗೇ ಗುಟ್ಟಾಗಿ ಬಿಟ್ಟುಕೊಡುತ್ತಿದ್ದರು. ಅಗ್ಗಕ್ಕೆ ಸೇರಿದವನು ಎರಡನೆಯ ವರ್ಷ ಕಂತು ಕಟ್ಟದೆ ಬಿಡುವನು, ಪಾಲಿಸಿ ರದ್ದಾಗುವುದು, ಕಚೇರಿಯ ಗುಮಾಸ್ತ ಮತ್ತೊಂದು ಹೆಸರಿನ ಮೇಲೆ ಕೆಂಪು ಗೆರೆ ಎಳೆಯುವನು. 1938ರ ವಿಮಾ ಕಾನೂನು ಏಜೆಂಟರಿಗೆ ಲೈಸೆನ್ಸು ಬೇಕೆಂದಿತು. ಕಮಿಷನ್ನಿಗೆ ಮಿತಿ ಹಾಕಿತು. ಗಿರಾಕಿಗೆ ಪಾಲು ಕೊಡುವುದನ್ನು ನಿಷೇಧಿಸಿತು.

ವಿಮಾ ಕಚೇರಿಯ ಮೇಜಿನಲ್ಲಿ ಕುಳಿತವರಲ್ಲಿ ಒಬ್ಬರು ಲೋಕಪ್ರಸಿದ್ಧರು. ಪ್ರಾಗ್ ನಗರದ ಫ್ರಾಂಜ್ ಕಾಫ್ಕ 1907ರ ಅಕ್ಟೋಬರಿನಲ್ಲಿ ಒಂದು ಇಟಾಲಿಯನ್ ವಿಮಾ ಕಂಪೆನಿಯ ಶಾಖೆಗೆ ಸೇರಿ, ಅಲ್ಲಿನ ದೀರ್ಘ ದುಡಿಮೆಯ ಹೊತ್ತನ್ನು ತಾಳಲಾರದೆ ಮರುವರ್ಷವೇ ಬಿಟ್ಟರು; ಅನಂತರ 1922ರ ವರೆಗೆ ಕಾರ್ಮಿಕರ ಅಪಘಾತ ವಿಮಾ ಸಂಸ್ಥೆಯಲ್ಲಿದ್ದರು. ಅವರ ಕಥೆಗಳನ್ನು ಓದಿ ಕಚೇರಿಯೆಂದರೆ ನರಕವೆಂದು ತೀರ್ಮಾನಿಸುವವರು ಅವರ ವರದಿಗಳನ್ನೂ ನೋಡಬೇಕು. ಮರಕ್ಕೆ ಹತ್ತರಿ ಹಿಡಿಯುವ ಯಂತ್ರಗಳಲ್ಲಿ ಚೌಕಾಕಾರದ ದಿಂಡು ಕೆಲಸಗಾರರ ಬೆರಳುಗಳನ್ನು ಕತ್ತರಿಸುತ್ತಿತ್ತು. ದುಂಡನೆಯ ದಿಂಡನ್ನು ಹಾಕಿದರೆ ಗಾಯ ಅಲ್ಪವೆಂದು, ಬೆರಳು ಕಡಿದ ಕೈಗಳ ಚಿತ್ರಗಳ ಸಮೇತ, ಅವರು ಸಂಸ್ಥೆಯ ವಾರ್ಷಿಕ ವರದಿಯಲ್ಲಿ ಬರೆದರು. ಅಲಂಕಾರವಿಲ್ಲದ ಬರಹ; ಆದರೆ ಎಷ್ಟು ಬೆರಳುಗಳು ಅದರಿಂದ ಉಳಿದಿರಬಹುದೋ!

ನಮ್ಮ ದೇಶದ ವಿಮಾ ಕಚೇರಿಗಳ ಬಾಳಿನಲ್ಲಿ ದೊಡ್ಡ ತಿರುವು ಬಂದದ್ದು ರೇಡಿಯೋ ಮೂಲಕವೇ. ಕೆಲವು ಕಂಪೆನಿಗಳಲ್ಲಿ ಜನರ ಹಣವನ್ನು ಒಡೆಯರು ತಮ್ಮ ಬೇರೆ ವ್ಯವಹಾರಗಳಿಗೆ ತಿರುಗಿಸಿಕೊಂಡರೆಂದು 1955ರ ಕೊನೆಗೆ ಫಿರೋಜ್ ಗಾಂಧಿಯವರು ಲೋಕಸಭೆಯಲ್ಲಿ ವಿವರವಾಗಿ ಆಪಾದಿಸಿದ್ದರು. 1956ರ ಜನವರಿ 19ರಂದು ಹಣಕಾಸಿನ ಮಂತ್ರಿ ಚಿಂತಾಮಣಿ ದೇಶಮುಖರು ಆಕಾಶವಾಣಿಯಲ್ಲಿ ಮಾತನಾಡಿ, ಜೀವವಿಮೆಯನ್ನು ಸರ್ಕಾರ ವಹಿಸಿಕೊಂಡುದನ್ನು ಸಾರಿದರು. ಗುಟ್ಟು ಕೊನೆಯವರೆಗೂ ಹೊರಬಿದ್ದಿರಲಿಲ್ಲ. ಆ ವರ್ಷ ಸೆಪ್ಟೆಂಬರ್ 1ರಂದು 245 ಕಂಪೆನಿಗಳೂ ಸಂಘಗಳೂ ಕೂಡಿ ಜೀವವಿಮಾ ನಿಗಮವಾಯಿತು. ಒಂದೊಂದು ಕಂಪೆನಿಗೆ ಒಂದೊಂದು ಬಗೆಯ ಖಾತೆ, ಫಾರಮು, ಸಂಬಳ, ರಜೆ. ಇವನ್ನೆಲ್ಲ ಒಂದೇ ಅಚ್ಚಿಗೆ ತರುವ ಕಷ್ಟವನ್ನು ಶಾಸನ ಬರೆದವರು ಅರಿಯರು, ಗುಮಾಸ್ತರು ಅರಿತರು. ಹತ್ತು ವರ್ಷಗಳೊಳಗೆ ಗಣಕಯಂತ್ರದ ಮಾತು ಬಂದಾಗ, ಕಲಕತ್ತೆಯ ನೌಕರರು ಅದು ಇಲಾಕೋ ಹೌಸ್ ಕಟ್ಟಡದೊಳಕ್ಕೆ ಬರದಂತೆ ಹಗಲಿರುಳು ಕಾವಲು ನಿಂತರು. ಅನ್ನ ಹೋಗುವ ಭಯವನ್ನು ಅಜ್ಞಾನವೆಂದು ಹೀಗಳೆಯುವುದು ಸುಲಭ. ಭಯವನ್ನು ಮಾರಿ ಬದುಕುವ ಕಚೇರಿಯಾದರೂ ಅದನ್ನು ಅರಿಯಬೇಕಾಗಿತ್ತು.

ಉಳಿದದ್ದು ಕ್ಲೇಮಿನ ಮೇಜು. ಇಲ್ಲಿಗೆ ಬರುವವರು ಸಾಮಾನ್ಯವಾಗಿ ವಿಧವೆಯರು; ಕೈಯಲ್ಲಿ ಮಡಿಸಿದ ಪಾಲಿಸಿ, ಮರಣದ ಪ್ರಮಾಣಪತ್ರ, ಜೊತೆಗೆ ಮೈದುನನೋ ಅಣ್ಣನೋ. ಸತ್ತವನು ಎಂದೋ ಅರ್ಜಿಯಲ್ಲಿ ತನ್ನ ತಂದೆಯ ಕ್ಷಯವನ್ನು ಮುಚ್ಚಿಟ್ಟಿದ್ದನೆ, ತನಗೆ ಬಂದಿದ್ದ ಜ್ವರವನ್ನು ಹೇಳಲಿಲ್ಲವೆ ಎಂದು ಕಂಪೆನಿ ಆಗ ಕೆದಕಿದರೆ, ಉತ್ತರ ಹೇಳತಕ್ಕವನು ಇಲ್ಲ. ಇಪ್ಪತ್ತು ವರ್ಷ ಕಂತು ಪಡೆಯುವಾಗ ಹುಟ್ಟದ ಸಂಶಯ ಹಣ ಕೊಡುವ ದಿನ ಹುಟ್ಟುವುದೇಕೆ ಎಂಬುದು ಅವಳ ಪ್ರಶ್ನೆ. 1938ರ ಕಾನೂನಿನ 45ನೆಯ ವಿಧಿಯು ಇದಕ್ಕೆ ಕಡಿವಾಣ ಹಾಕಿತು: ಎರಡು ವರ್ಷ ಕಳೆದ ಮೇಲೆ, ತಿಳಿದೂ ಮೋಸದಿಂದ ಮುಖ್ಯ ಸಂಗತಿಯನ್ನು ಮರೆಸಿದ್ದನೆಂದು ಕಂಪೆನಿಯು ತೋರಿಸಿದಲ್ಲದೆ, ತಪ್ಪು ಹೇಳಿಕೆಯ ನೆವದಿಂದ ಪಾಲಿಸಿಯನ್ನು ಪ್ರಶ್ನಿಸುವಂತಿಲ್ಲ. 2015ರಲ್ಲಿ ಈ ವಿಧಿ ತಿದ್ದುಪಡಿಯಾಯಿತು. ಅವಧಿ ಮೂರು ವರ್ಷಕ್ಕೆ ಏರಿತು. ಅದು ಕಳೆದ ಮೇಲೆ ಮೋಸವೂ ಸೇರಿ ಯಾವ ಕಾರಣದಿಂದಲೂ ಪ್ರಶ್ನಿಸಲಾಗದೆಂದು ಆಯಿತು. ಗುಮಾಸ್ತನು ಈಗ ಮೊದಲು ನೋಡುವುದು ಪಾಲಿಸಿಯ ತಾರೀಖನ್ನು.