ಮಕ್ಕಳ ವಾಂತಿ-ಭೇದಿ: ರೋಟಾ ವೈರಾಣು ಮತ್ತು ಮನೆಯ ಆರೈಕೆ

ಐದು ವರ್ಷದೊಳಗಿನ ಮಕ್ಕಳಲ್ಲಿ ತೀವ್ರ ಭೇದಿಯನ್ನುಂಟುಮಾಡುವ ವೈರಾಣುಗಳಲ್ಲಿ ರೋಟಾ ಪ್ರಮುಖವಾದುದು. ನೊರೊ, ಅಡಿನೊ, ಆಸ್ಟ್ರೊ ವೈರಾಣುಗಳೂ ಇದೇ ಬಗೆಯ ಕಾಯಿಲೆ ತರುತ್ತವೆ. ರೋಟಾವನ್ನು 1973ರಲ್ಲಿ ಮೆಲ್ಬರ್ನ್‌ನ ರುತ್ ಬಿಷಪ್ ಮತ್ತು ಸಂಗಡಿಗರು ಮಕ್ಕಳ ಕರುಳಿನ ಅಂಗಾಂಶದಲ್ಲಿ ಗುರುತಿಸಿದರು. ಗಾಲಿಯಂತೆ ಕಾಣುವ ಕಾರಣ ಅದಕ್ಕೆ ಲ್ಯಾಟಿನ್ ಮೂಲದ ಈ ಹೆಸರು ಬಂದಿತು.

ಸೋಂಕು ತಗುಲಿದ ಸುಮಾರು ಎರಡು ದಿನಗಳಲ್ಲಿ ಜ್ವರ, ವಾಂತಿ ಆರಂಭವಾಗಿ, ಬಳಿಕ ನೀರಿನಂತಹ ಭೇದಿಯಾಗುತ್ತದೆ. ಸಣ್ಣ ಕರುಳಿನ ಒಳಪದರ ಹಾನಿಗೊಂಡು ನೀರನ್ನು ಹೀರಿಕೊಳ್ಳುವ ಶಕ್ತಿ ಕುಂದುವುದೇ ಇದಕ್ಕೆ ಕಾರಣ. ಕರುಳು ಕೆಲವು ದಿನಗಳಲ್ಲಿ ತಾನಾಗಿ ಚೇತರಿಸಿಕೊಳ್ಳುತ್ತದೆ; ಅಷ್ಟರೊಳಗೆ ದೇಹದ ನೀರು ಮತ್ತು ಲವಣ ಬರಿದಾಗುವುದೇ ಪ್ರಾಣಕ್ಕೆ ಎರವಾಗುವ ಸಂಗತಿ. ಆಂಟಿಬಯೋಟಿಕ್ ಔಷಧಗಳು ವೈರಾಣುವಿನ ಮೇಲೆ ಕೆಲಸ ಮಾಡುವುದಿಲ್ಲ. 'ಹಲ್ಲು ಬರುವಾಗ ಭೇದಿ ಸಹಜ' ಎಂದು ಸುಮ್ಮನಿರುವುದಂತೂ ಅಪಾಯಕರ.

ನರಸಿಂಹರಾಜಪುರ ತಾಲ್ಲೂಕಿನ ಕಡಹಿನಬೈಲಿನಂತಹ ಮಲೆನಾಡಿನ ಊರುಗಳಲ್ಲಿ ಈ ಮಾತಿಗೆ ಹೆಚ್ಚಿನ ತೂಕವಿದೆ. ತೋಟ-ಗದ್ದೆಗಳ ನಡುವೆ ಚದುರಿದ ಒಂಟಿ ಮನೆಗಳಿಂದ ಮಳೆಗಾಲದ ರಾತ್ರಿ ಆಸ್ಪತ್ರೆ ತಲುಪುವುದು ಸುಲಭವಲ್ಲ. ಮೊದಲ ಕೆಲವು ತಾಸುಗಳ ಚಿಕಿತ್ಸೆ ಅಡುಗೆಮನೆಯಲ್ಲೇ ಆಗಬೇಕು. ಕುದಿಸಿದ ನೀರು ಅಗತ್ಯವೇ ಸರಿ. ಆದರೆ ರೋಟಾ ಮುಖ್ಯವಾಗಿ ಮಲ ಸೋಕಿದ ಕೈ, ಆಟಿಕೆ, ಬಟ್ಟೆಗಳ ಮೂಲಕ ಹರಡುವುದರಿಂದ ಅಷ್ಟೇ ಸಾಲದು. ಮಗುವಿನ ಮಲ ತೊಳೆದ ಕೈಯನ್ನು ಸೋಪಿನಿಂದ ಶುಚಿಗೊಳಿಸಬೇಕು.

ಆರೋಗ್ಯ ಕೇಂದ್ರದಲ್ಲಿ ದೊರೆಯುವ ಒಆರ್‌ಎಸ್ ಪೊಟ್ಟಣವನ್ನು, ಅದರ ಮೇಲೆ ನಮೂದಿಸಿದಷ್ಟೇ ಪ್ರಮಾಣದ ಕುದಿಸಿ ಆರಿಸಿದ ನೀರಿಗೆ ಪೂರ್ತಿಯಾಗಿ ಬೆರೆಸಬೇಕು. ಅರ್ಧ ಪೊಟ್ಟಣ, ಅಂದಾಜು ನೀರು ಸಲ್ಲದು. ಪೊಟ್ಟಣವಿಲ್ಲದಿದ್ದರೆ ಒಂದು ಲೀಟರ್ ನೀರಿಗೆ ಆರು ಮಟ್ಟಸ ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು. ವಾಂತಿಯಾದರೆ ಹತ್ತು ನಿಮಿಷ ಬಿಟ್ಟು ಮತ್ತೆ ಚಮಚ ಚಮಚವಾಗಿ ಕುಡಿಸಬೇಕು. ಎದೆಹಾಲು ನಿಲ್ಲಿಸಬಾರದು. ಆರು ತಿಂಗಳು ದಾಟಿದ ಮಕ್ಕಳಿಗೆ ಗಂಜಿಯೂ ಆಗಬಹುದು. ಅವರಿಗೆ ದಿನಕ್ಕೆ 20 ಮಿ.ಗ್ರಾಂ. ಸತುವಿನ ಮಾತ್ರೆಯನ್ನು 14 ದಿನ ನೀಡಲಾಗುತ್ತದೆ. ಕಣ್ಣು ಗುಳಿಬೀಳುವುದು, ಮೂತ್ರ ನಿಲ್ಲುವುದು, ಮಂಪರು, ಏನನ್ನೂ ಕುಡಿಯದಿರುವುದು, ಮಲದಲ್ಲಿ ರಕ್ತ ಕಂಡರೆ ತಡಮಾಡದೆ ಆಸ್ಪತ್ರೆಗೆ ಒಯ್ಯಬೇಕು.

ಲಸಿಕೆಯ ಹುಡುಕಾಟದಲ್ಲಿ ಬೆಂಗಳೂರಿಗೂ ಪಾಲಿದೆ. ಇಲ್ಲಿನ ನವಜಾತ ಶಿಶುಗಳಲ್ಲಿ, ಕಾಯಿಲೆಯ ಯಾವ ಲಕ್ಷಣವೂ ಇಲ್ಲದೆ ನೆಲೆಸಿದ್ದ ಐ321 ಎಂಬ ರೋಟಾ ತಳಿಯನ್ನು ಭಾರತೀಯ ವಿಜ್ಞಾನ ಸಂಸ್ಥೆಯ ಸಿ. ದುರ್ಗಾ ರಾವ್ ಮತ್ತು ಸಂಗಡಿಗರು ಅಧ್ಯಯನ ಮಾಡಿದರು. ಕುತೂಹಲದ ಸಂಗತಿಯೆಂದರೆ, ಅದರ ಬಹುಪಾಲು ವಂಶವಾಹಿಗಳು ದನಗಳ ರೋಟಾದವು. ಪರೀಕ್ಷೆಯಲ್ಲಿ ಅದಕ್ಕಿಂತ ಉತ್ತಮ ಪ್ರತಿರೋಧ ತೋರಿದ ದೆಹಲಿಯ 116ಇ ತಳಿಯಿಂದ ರೋಟಾವ್ಯಾಕ್ ಲಸಿಕೆ ಸಿದ್ಧವಾಯಿತು. 2016ರಲ್ಲಿ ನಾಲ್ಕು ರಾಜ್ಯಗಳಲ್ಲಿ ಆರಂಭವಾದ ಉಚಿತ ರೋಟಾ ಲಸಿಕೆ ಕಾರ್ಯಕ್ರಮ 2019ರಲ್ಲಿ ಕರ್ನಾಟಕಕ್ಕೂ ವಿಸ್ತರಿಸಿತು. ಬಾಯಿಯ ಮೂಲಕ ನೀಡುವ ಈ ಲಸಿಕೆಯ ಅವಧಿ 6, 10 ಮತ್ತು 14ನೇ ವಾರ. ಇದು ಎಲ್ಲ ಭೇದಿಯನ್ನೂ ತಡೆಯದು. ರೋಟಾದ ತೀವ್ರ ಸ್ವರೂಪವನ್ನು ಗಣನೀಯವಾಗಿ ತಗ್ಗಿಸುತ್ತದೆ. ಮೊದಲ ಡೋಸ್ ತಪ್ಪಿದ್ದರೆ ಮಗುವಿಗೆ ಒಂದು ವರ್ಷ ತುಂಬುವುದರೊಳಗೆ ಆರಂಭಿಸಲು ಅವಕಾಶವಿದೆ.